ಐದು ದಿನದ ಜರ್ಮನಿ

ಫೆಬ್ರವರಿಯ ಒಂದು ಸಂಜೆ ನನ್ನ ಗಂಡ ಫ್ಯಾಕ್ಟರಿಯಿಂದ ಬಂದವರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಶೂ ಬಿಚ್ಚುತ್ತಾ, "ಏಪ್ರಿಲ್ ರಜಕ್ಕೆ ಜರ್ಮನಿಗೆ ಹೋಗ್ಬರೋಣ" ಅಂದರು. ನಾನು ಅಡಿಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಚಾಕು ಹಿಡಿದುಕೊಂಡೇ ಹೊರಗೆ ಬಂದೆ.

"ಎಲ್ಲಿಗೆ ಅಂದ್ರಿ?"

"ಜರ್ಮನಿಗೆ. ನಾವು ಮೂರೇ ಜನ. ಐದು ದಿನ ಅಷ್ಟೆ. ಜಾಸ್ತಿ ಖರ್ಚಾಗದ ಹಾಗೆ ನೋಡ್ಕೊಂಡು ಹೋಗ್ಬರೋಣ."

ಇಂಥ ಮಾತು ಈ ಮನುಷ್ಯನ ಬಾಯಿಂದ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾವು ಮೈಸೂರು ಬಿಟ್ಟು ನೈರೋಬಿಗೆ ಬಂದು ಹತ್ತು ವರ್ಷ ದಾಟಿತ್ತು. ಇವರು ಇಲ್ಲಿಯ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಾರೆ. ಮಾತ್ರೆ ತುಂಬಿದ ಒಂದು ಹಾಳೆ ಸೊಟ್ಟಗೆ ಅಂಟಿದ್ದರೂ ಯಂತ್ರಗಳ ಇಡೀ ಸಾಲನ್ನು ನಿಲ್ಲಿಸುವ ಸ್ವಭಾವ. ಮನೆಯಲ್ಲೂ ಹಾಗೆಯೇ. ಮೊಂಬಾಸಾದ ಸಮುದ್ರ ನೋಡಲು ಒಮ್ಮೆ ರೈಲಿನಲ್ಲಿ ಹೋಗಿಬಂದಿದ್ದೆವು. ಅದಕ್ಕೆ ಇವರು ಒಂದು ವರ್ಷ ಮೊದಲಿನಿಂದ ತಯಾರಿ ಮಾಡಿದ್ದರು. ಹೋಟೆಲಿಗೆ ಮತ್ತೆ ಮತ್ತೆ ಫೋನ್ ಮಾಡಿ ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೋ ಇಲ್ಲವೋ ಎಂದು ಖಚಿತಮಾಡಿಕೊಂಡಿದ್ದರು. ಅಂಥವರು ಶೂ ಲೇಸು ಬಿಚ್ಚುತ್ತಾ ಜರ್ಮನಿ ಅನ್ನುತ್ತಿದ್ದಾರೆ.

ಜರ್ಮನಿಯ ಹೆಸರು ನಮ್ಮ ಮನೆಗೆ ಹೊಸದಲ್ಲ. ಮದುವೆಗೆ ಮುಂಚೆ, ಬೆಂಗಳೂರಿನ ಕಂಪನಿಯಲ್ಲಿದ್ದಾಗ, ಮಾತ್ರೆ ಪ್ಯಾಕ್ ಮಾಡುವ ಯಂತ್ರದ ಕೆಲಸ ಕಲಿಯಲು ಇವರನ್ನು ಆ ದೇಶದ ದಕ್ಷಿಣದ ಒಂದು ಸಣ್ಣ ಊರಿಗೆ ಕಳಿಸಿದ್ದರಂತೆ. ಒಂದು ವಸಂತಕಾಲ ಪೂರ್ತಿ ಅಲ್ಲಿದ್ದರು. ಆ ಊರಿನ ನದಿ, ನದಿಗೆ ಕಟ್ಟಿದ ಮುಚ್ಚಿಗೆಯಿರುವ ಮರದ ಸೇತುವೆ, ಬೆಳಗಿನ ಜಾವಕ್ಕೇ ತೆರೆಯುವ ಬ್ರೆಡ್ ಅಂಗಡಿ, ಇವೆಲ್ಲ ನನಗೂ ಮಗಳಿಗೂ ಕೇಳಿ ಕೇಳಿ ಬಾಯಿಪಾಠವಾಗಿದ್ದವು. "ಒಂದು ದಿನ ಕರ್ಕೊಂಡು ಹೋಗ್ತೀನಿ" ಅನ್ನುತ್ತಿದ್ದರು. ಆ ಒಂದು ದಿನ ಬರುತ್ತದೆ ಎಂದು ನಾವು ಯಾರೂ ಅಂದುಕೊಂಡಿರಲಿಲ್ಲ.

"ದುಡ್ಡೆಲ್ಲಿದೆ?" ಅಂತ ಕೇಳಿದೆ.

"ಡಿಸೆಂಬರಿಗೆ ಊರಿಗೆ ಹೋಗೋಕೆ ಇಟ್ಟಿದ್ದೀವಲ್ಲ, ಅದು."

ನಾನು ಒಳಗೆ ಹೋದೆ. ಎರಡು ವರ್ಷಕ್ಕೊಮ್ಮೆ ಮೈಸೂರಿಗೆ ಹೋಗುತ್ತಿದ್ದೆವು. ಆ ಡಿಸೆಂಬರಿನಲ್ಲಿ ನನ್ನ ತಂಗಿಯ ಗೃಹಪ್ರವೇಶ. ಅವಳು ನೆಲಕ್ಕೆ ಹಾಕುವ ಟೈಲ್ಸಿನ ಬಣ್ಣವನ್ನೂ ನನ್ನನ್ನು ಕೇಳಿಯೇ ಆರಿಸಿದ್ದಳು. ಅದನ್ನು ಬಿಟ್ಟು ಐದು ದಿನದ ಜರ್ಮನಿಗೆ ಹೋಗಬೇಕು ಅನ್ನುವುದು ನನಗೆ ಅರ್ಥವಾಗಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಲೆಕ್ಕಾಚಾರದ ಮನುಷ್ಯ ಲೆಕ್ಕ ಬಿಟ್ಟು ಮಾತಾಡಿದರೆ ಹಿಂದೆ ಏನೋ ಇರಲೇಬೇಕು.

ನನಗೆ ಮೊದಲು ಹೊಳೆದದ್ದು ಕೆಲಸ. ನಮ್ಮಂಥವರು ಇಲ್ಲಿರುವುದೇ ಕೆಲಸದ ಪರ್ಮಿಟ್ಟಿನ ಮೇಲೆ. ಅದು ನವೀಕರಣವಾಗದೆ ಮನೆ ಖಾಲಿಮಾಡಿ ಹೊರಟವರನ್ನು ನೋಡಿದ್ದೆ. ಫ್ರಿಜ್ಜು, ಮಂಚ, ಮಕ್ಕಳ ಸೈಕಲ್ಲು ಎಲ್ಲವನ್ನೂ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಮಾರಿ, ಹೊರಡುವ ಮುನ್ನ ಒಂದು ಸಲ ಮಾರಾ ಕಾಡಿನ ಪ್ರಾಣಿಗಳನ್ನು ನೋಡಿಕೊಂಡು ಹೋಗುವವರಿದ್ದರು. ಇವರೂ ಹಾಗೆ ಕೊನೆಯದೊಂದು ಪ್ರವಾಸ ಮಾಡಿಸುತ್ತಿದ್ದಾರೆಯೇ ಅನ್ನಿಸಿತು. ನೇರವಾಗಿ ಕೇಳಲು ಧೈರ್ಯ ಬರಲಿಲ್ಲ. ಶನಿವಾರ ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದಲ್ಲಿ ಇವರ ಸಹೋದ್ಯೋಗಿಯ ಹೆಂಡತಿ ಸಿಕ್ಕಾಗ, ಪ್ರಸಾದದ ಸಾಲಿನಲ್ಲಿ ನಿಂತು ಸುತ್ತಿಬಳಸಿ ಕೇಳಿದೆ.

"ಫ್ಯಾಕ್ಟ್ರಿ ಚೆನ್ನಾಗೇ ನಡೀತಿದೆಯಲ್ಲ. ಹೊಸ ಆರ್ಡರ್ ಬೇರೆ ಬಂದಿದೆಯಂತೆ," ಅಂದರು ಆಕೆ. "ನಿಮ್ಮೆಜಮಾನ್ರು ಮಾತ್ರ ಈಗೀಗ ಐದಕ್ಕೇ ಹೊರಟ್ಬಿಡ್ತಾರಂತೆ. ಮೊದ್ಲು ಹಾಗಿರ್ಲಿಲ್ಲ ಅಂತಿದ್ರು ನಮ್ಮನೆಯವ್ರು."

ಅದು ನಿಜ. ಕೆಲವು ತಿಂಗಳಿಂದ ಇವರು ಕತ್ತಲಾಗುವ ಮುಂಚೆಯೇ ಮನೆ ಸೇರುತ್ತಿದ್ದರು. ಟ್ರಾಫಿಕ್ ತಪ್ಪಿಸೋಕೆ ಅಂದಿದ್ದರು. ನಾನು ಅದನ್ನು ಒಳ್ಳೆಯದೆಂದೇ ತಿಳಿದಿದ್ದೆ. ಆ ದಿನ ದೇವಸ್ಥಾನದಿಂದ ನಡೆದು ಬರುವಾಗ ಅದೂ ಚುಚ್ಚತೊಡಗಿತು.

ಮಗಳಿಗೆ ಇದಾವುದರ ಗೊಡವೆಯಿರಲಿಲ್ಲ. ಅವಳಿಗೆ ಆಗ ಹದಿನೈದು. ಇಲ್ಲಿಯೇ ಬೆಳೆದವಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. ಅಪ್ಪ ಜರ್ಮನಿ ಅಂದದ್ದೇ ತಡ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಡೀ ಪ್ರವಾಸವನ್ನು ತನ್ನ ಕೈಗೆ ತೆಗೆದುಕೊಂಡಳು. ನೇರ ವಿಮಾನ ಬೇಡ, ಆಡಿಸ್ ಅಬಾಬಾದಲ್ಲಿ ಅರ್ಧ ದಿನ ಕಾಯುವ ವಿಮಾನವಾದರೆ ಅಗ್ಗ. ಹೋಟೆಲು ಬೇಡ, ಅಡಿಗೆ ಒಲೆಯಿರುವ ಒಂದೇ ಕೋಣೆ ಸಾಕು.

"ಸ್ಲೋ ಟ್ರೇನ್ಸ್ ಓನ್ಲಿ, ಅಪ್ಪಾ. ಫಾಸ್ಟ್ ಟ್ರೇನ್ ಈಸ್ ಟೂ ಮಚ್."

"ಆಗ್ಲಿ. ನಿಧಾನಕ್ಕೇ ಹೋಗೋಣ. ಕಿಟಕೀಲಿ ನೋಡ್ಕೊಂಡು ಹೋಗ್ಬಹುದು," ಅಂದರು ಇವರು.

ಎಲ್ಲಾ ಖರ್ಚಿನಲ್ಲೂ ಇವರು ಹಿಡಿತ ಮಾಡಿದರು. ಮಧ್ಯಾಹ್ನಕ್ಕೆ ಹೊರಗೆ ತಿನ್ನುವುದು ಬೇಡ, ನಾನು ಗೊಜ್ಜವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮಾಡಿಕೊಂಡು ಬರಬೇಕು. ದೊಡ್ಡ ಊರುಗಳು ಬೇಡ. ಅರಮನೆ, ವಸ್ತುಸಂಗ್ರಹಾಲಯ ಯಾವುದಕ್ಕೂ ಟಿಕೆಟ್ ಇಲ್ಲ. ಆ ಸಣ್ಣ ಊರಿನಲ್ಲಿ ಮಾತ್ರ ಒಂದು ದಿನವನ್ನೂ ಕಡಿಮೆ ಮಾಡಲು ಬಿಡಲಿಲ್ಲ. ಒಂದು ಸಂಜೆ ಮಗಳನ್ನು ಕೇಳಿದರು: "ಏಪ್ರಿಲ್ನಲ್ಲಿ ಅಲ್ಲಿ ಎಷ್ಟು ಹೊತ್ತಿನವರ್ಗೂ ಬೆಳಕಿರುತ್ತೆ, ನೋಡು." ಅವಳು ನೋಡಿ, ಎಂಟು ಗಂಟೆಯವರೆಗೂ ಬೆಳಕಿರುತ್ತದೆ ಅಂದಳು. ಇವರ ಮುಖ ಅರಳಿತು. "ಒಳ್ಳೇದಾಯ್ತು," ಅಂದರು. ಇಷ್ಟಕ್ಕೆ ಇಷ್ಟು ಸಂತೋಷ ಯಾಕೆ ಎಂದು ನಾನು ಚಪಾತಿ ಲಟ್ಟಿಸುತ್ತಾ ಅಂದುಕೊಂಡೆ. ಅದೇ ವಾರ ಟಿಕೆಟ್ಟಿಗೆ ರಿಯಾಯಿತಿ ಬಂತು. ವೀಸಾ ಕೈಗೆ ಬರುವ ಮೊದಲೇ, ರದ್ದು ಮಾಡಿದರೆ ಹಣ ವಾಪಸು ಬರದಂಥ ಟಿಕೆಟ್ಟುಗಳನ್ನು ಇವರು ಕೊಂಡುಬಿಟ್ಟರು. ಬೇಡ ಅಂದರೂ ಕೇಳಲಿಲ್ಲ.

ಬೆಚ್ಚನೆಯ ಕೋಟುಗಳ ವಿಷಯ ಬಂತು. ಐದು ದಿನಕ್ಕೆ ಹೊಸದು ಯಾರು ಕೊಳ್ಳುತ್ತಾರೆ? ಊರಿನ ಇನ್ನೊಂದು ಕಡೆಯ ಲಂಗಾಟಾದಲ್ಲಿ ನಮಗೆ ಬೇಕಾದ ಒಂದು ಕನ್ನಡದ ಕುಟುಂಬವಿತ್ತು. ಅವರು ಹಿಂದೊಮ್ಮೆ ಯುರೋಪು ಸುತ್ತಿಬಂದವರು. ಕೋಟುಗಳೆಲ್ಲ ಹಾಗೇ ಇವೆ, ಬಂದು ಊಟ ಮಾಡಿ ತೆಗೆದುಕೊಂಡು ಹೋಗಿ ಅಂದರು. ಒಂದು ಭಾನುವಾರ ಮಧ್ಯಾಹ್ನ ಹೋದೆವು.

ಊಟವಾಯಿತು, ಮಾತಾಯಿತು. ನಾಲ್ಕು ಗಂಟೆಗೆ ಇವರು ಎದ್ದು ನಿಂತರು. ಆ ಮನೆಯವರು ಕಾಫಿ ಕುಡಿಯದೆ ಬಿಡುವುದಿಲ್ಲ ಅಂದರು. ಕಾಫಿಯಾದ ಮೇಲೆ ಮತ್ತೆ ಎದ್ದರು. ಅಷ್ಟರಲ್ಲಿ ಕೋಟು ಹಾಕಿ ನೋಡುವ ಸಂಭ್ರಮ ಶುರುವಾಗಿತ್ತು. ನುಸಿಗುಳಿಗೆಯ ವಾಸನೆಯ ಆ ದಪ್ಪ ಕೋಟುಗಳಲ್ಲಿ ನಾನೂ ಮಗಳೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕೆವು. ಇವರು ಕಾರಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಹೊರಡೋಣ್ವಾ, ಹೊರಡೋಣ್ವಾ" ಎಂದು ಕೇಳುತ್ತಲೇ ಇದ್ದರು. ಅವರ ಅವಸರ ನನಗೆ ಮುಜುಗರ ತಂದಿತು. ಹಾಗಾಗಿ ನಾನು ಬೇಕೆಂದೇ ಇನ್ನಷ್ಟು ಹೊತ್ತು ಕೂತೆ.

ಹೊರಟಾಗ ಮುಸ್ಸಂಜೆ. ನೈರೋಬಿಯಲ್ಲಿ ವರ್ಷವಿಡೀ ಒಂದೇ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮುಳುಗಿದ ಮೇಲೆ ಕತ್ತಲು ತಡ ಮಾಡುವುದಿಲ್ಲ. ಇವರು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮುಂದಕ್ಕೆ ಬಾಗಿ ಓಡಿಸುತ್ತಿದ್ದರು. ಹಿಂದಿನಿಂದ ಮಟಾಟುಗಳು, ಅಂದರೆ ಬಾಡಿಗೆ ವ್ಯಾನುಗಳು, ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ಒಂದು ಕಡೆ ರಸ್ತೆಯ ಅಂಚಿಗೆ ಬರಲು ಎಡಕ್ಕೆ ತಿರುಗಿಸಿದರು. ನನ್ನ ಕಿಟಕಿಯ ಪಕ್ಕದಲ್ಲೇ ಒಂದು ಬೋಡಾ, ಅಂದರೆ ಬಾಡಿಗೆ ಬೈಕು, ಬರುತ್ತಿತ್ತು. ಅದರ ದೀಪ ಉರಿಯುತ್ತಿತ್ತು. ನಾನು "ರೀ" ಅನ್ನುವಷ್ಟರಲ್ಲಿ ತಗಡು ತಗಡಿಗೆ ತಾಗಿದ ಸದ್ದಾಯಿತು.

ಬೈಕಿನವನು ಹುಲ್ಲಿನ ಮೇಲೆ ಬಿದ್ದಿದ್ದ. ನಾನು ಇಳಿದು ಓಡಿದೆ. ಪುಣ್ಯಕ್ಕೆ ಎದ್ದು ಕೂತ. ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಬೈಕಿನ ಕನ್ನಡಿ ಮುರಿದಿತ್ತು. "ಪೊಲೆ, ಪೊಲೆ ಸಾನಾ" ಎಂದು ಇಲ್ಲಿಯ ಭಾಷೆಯಲ್ಲಿ ನನಗೆ ತಿಳಿದಷ್ಟರಲ್ಲಿ ಕ್ಷಮೆ ಕೇಳಿದೆ. ಅವನು ನನ್ನನ್ನು ದಾಟಿ ಇವರ ಹತ್ತಿರ ಹೋದ.

"ಮ್ಜೇ, ಹುವೋನಿ?" ಎಂದು ಕೂಗಿದ. ಯಜಮಾನರೇ, ಕಣ್ಣು ಕಾಣಿಸುವುದಿಲ್ಲವೇ?

ಇಲ್ಲಿಯ ರಸ್ತೆಗಳಲ್ಲಿ ದಿನಕ್ಕೆ ಸಾವಿರ ಸಲ ಒಬ್ಬರಿಗೊಬ್ಬರು ಬೈದುಕೊಳ್ಳುವ ಮಾತು ಅದು. ಇವರು ಮಾತ್ರ ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ನಿಂತರು. ಆಮೇಲೆ ಅವನ ಗಾಯಕ್ಕೂ ಕನ್ನಡಿಗೂ ಕೈಯಲ್ಲಿದ್ದದ್ದನ್ನೆಲ್ಲ ಕೊಟ್ಟು, ಅವನು ಕುಂಟುತ್ತಾ ಬೈಕು ಹತ್ತಿ ಹೋಗುವವರೆಗೂ ನೋಡಿ, ಕಾರಿಗೆ ಬಂದು ಕೂತರು. ಎಂಜಿನ್ ಹಾಕಲಿಲ್ಲ.

"ನಾನು ಅವನನ್ನ ನೋಡ್ಲೇ ಇಲ್ಲ," ಅಂದರು.

"ಕತ್ತಲಾಗ್ತಿತ್ತು. ಕಾಣಿಸಿರಲ್ಲ, ಬಿಡಿ."

"ಹಾಗಲ್ಲ. ನಂಗೆ ಎಡಗಡೆ ಕಾಣ್ಸಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಎದುರಿನ ಗಾಜನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು. ನವೆಂಬರಿನಲ್ಲಿ ಕನ್ನಡಕ ಬದಲಾಯಿಸಲು ಹೋದಾಗ ಅಂಗಡಿಯವನು ಅನುಮಾನಪಟ್ಟು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದ. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರವನ್ನು ತಿನ್ನುತ್ತಾ ಹೋಗುವ ಕಾಯಿಲೆ. ಅಂಚಿನಿಂದ ಶುರುವಾಗಿ ನೋಟ ಒಳಗೊಳಗೇ ಕಿರಿದಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಎರಡು ಕಣ್ಣಿಗೂ ಇದೆ, ಎಡಗಣ್ಣಿನದು ಮುಂದುವರಿದಿದೆ. ಡಾಕ್ಟರು ಹಾಕಿಕೊಳ್ಳಲು ಹನಿ ಔಷಧ ಕೊಟ್ಟು, ಮತ್ತೆ ಬರಲು ಹೇಳಿದ್ದರು. ಇವರು ಮತ್ತೆ ಹೋಗಿರಲಿಲ್ಲ. ಔಷಧವನ್ನು ಆಫೀಸಿನ ಡ್ರಾಯರಿನಲ್ಲಿ ಇಟ್ಟುಕೊಂಡು ಅಲ್ಲೇ ಹಾಕಿಕೊಳ್ಳುತ್ತಿದ್ದರು.

"ನಮ್ಮಪ್ಪನಿಗೂ ಇದೇ ಆಗಿತ್ತು ಅಂತ ಈಗ ಗೊತ್ತಾಗ್ತಿದೆ," ಅಂದರು. "ವಯಸ್ಸಾಯ್ತು, ಪೊರೆ ಬಂದಿದೆ ಅಂತ ನಾವೆಲ್ಲ ಸುಮ್ನಿದ್ವಿ. ಕೊನೇಲಿ ಊಟದ ತಟ್ಟೇನ ಕೈಯಲ್ಲಿ ತಡಕ್ತಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಅಲ್ಲಿಂದಾಚೆಗೆ ಬರೀ ಅದೇ ಆಗೋದು. ಅದಕ್ಕೆ ಮುಂಚೆ ಇದೊಂದು ಆಗ್ಲಿ ಅಂತ." ಕನ್ನಡಕ ತೆಗೆದು ಒರೆಸುತ್ತಾ ಮತ್ತೆ ಹೇಳಿದರು: "ಆಗ ಅಲ್ಲಿ ಒಬ್ನೇ ಇದ್ನಲ್ಲ, ಯಾವುದನ್ನ ನೋಡಿದ್ರೂ ಇದನ್ನ ಯಾರಿಗಾದ್ರೂ ತೋರಿಸ್ಬೇಕು ಅನ್ನಿಸ್ತಿತ್ತು. ತೋರ್ಸೋಕೆ ಯಾರೂ ಇರ್ಲಿಲ್ಲ. ಈಗ ನೀವಿದ್ದೀರಿ."

ಹಿಂದಿನ ಸೀಟಿನಲ್ಲಿ ಕೋಟುಗಳ ರಾಶಿಯ ಮಧ್ಯೆ ಮಗಳು ಕೂತಿದ್ದಾಳೆ ಅನ್ನುವುದನ್ನೇ ನಾವಿಬ್ಬರೂ ಮರೆತಿದ್ದೆವು. ಅವಳು ಸಣ್ಣ ದನಿಯಲ್ಲಿ, ಊಟಕ್ಕೆ ಕೂತಾಗ ತಾನು ಎಡಗಡೆಯಿಂದ ನೀರು ಕೊಟ್ಟರೆ ಅಪ್ಪ ತೆಗೆದುಕೊಳ್ಳುವುದೇ ಇಲ್ಲ, ಎಷ್ಟೋ ಸಲ ಹಾಗಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಐ ಥಾಟ್ ಯು ವರ್ ಆಂಗ್ರಿ ವಿತ್ ಮಿ, ಅಪ್ಪಾ."

ಇವರು ಹಿಂದೆ ತಿರುಗಿ ಅವಳ ಕಡೆಗೆ ಕೈ ಚಾಚಿದರು. ಅವಳು ಹಿಡಿದುಕೊಂಡಳು. ನನಗೆ ಅಳುವುದಕ್ಕೂ ಪುರಸೊತ್ತಿರಲಿಲ್ಲ, ಯಾಕೆಂದರೆ ಕಾರನ್ನು ಮನೆಗೆ ಒಯ್ಯಬೇಕಿತ್ತು. ನನ್ನ ಹತ್ತಿರ ಲೈಸೆನ್ಸ್ ಇತ್ತು. ನೈರೋಬಿಯ ದೊಡ್ಡ ರಸ್ತೆಯಲ್ಲಿ ಓಡಿಸುವ ಧೈರ್ಯ ಮಾತ್ರ ಯಾವತ್ತೂ ಬಂದಿರಲಿಲ್ಲ. ಆ ಸಂಜೆ ಜಾಗ ಬದಲಾಯಿಸಿ ನಾನು ಕೂತೆ. ರಸ್ತೆಯ ಎಲ್ಲರಿಂದ ಬೈಸಿಕೊಳ್ಳುತ್ತಾ, ಎರಡು ಸಲ ತಪ್ಪು ದಾರಿ ಹಿಡಿದು, ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಮನೆ ಮುಟ್ಟಿಸಿದೆ. ಕಟ್ಟಡದ ಕಾವಲುಗಾರ ಗೇಟು ತೆಗೆದವನು ಚಾಲಕನ ಸೀಟಿನಲ್ಲಿ ನನ್ನನ್ನು ನೋಡಿ, "ಸವಾ, ಮಾಮಾ?" ಅಂದ. ಎಲ್ಲ ಸರಿಯಿದೆಯಾ ಎಂದು. "ಸವಾ" ಅಂದೆ.

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆವು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಕಣ್ಣಿನ ಡಾಕ್ಟರು ಹೆಚ್ಚುಕಡಿಮೆ ನನ್ನ ವಯಸ್ಸಿನ ಕೆನ್ಯಾದ ಹೆಂಗಸು. ಇವರನ್ನು ಗದರಲಿಲ್ಲ, ಯಾಕೆ ತಡವಾಗಿ ಬಂದಿರಿ ಎಂದೂ ಕೇಳಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಹನಿ ಔಷಧಕ್ಕೆ ಎಡಗಣ್ಣಿನ ಒತ್ತಡ ಬಗ್ಗುತ್ತಿಲ್ಲ, ಶಸ್ತ್ರಚಿಕಿತ್ಸೆ ಮಾಡಿ ಕಣ್ಣೊಳಗಿನ ನೀರು ಹರಿದುಹೋಗಲು ಸಣ್ಣದೊಂದು ದಾರಿ ಮಾಡಬೇಕು ಅಂದರು. ಹೋದ ನೋಟವನ್ನು ಅದು ತಂದುಕೊಡುವುದಿಲ್ಲ, ಉಳಿದದ್ದನ್ನು ಉಳಿಸಬಹುದು. ಆಮೇಲೆ ಹಲವು ವಾರ ಪದೇಪದೇ ಬಂದು ತೋರಿಸಬೇಕು, ಊರು ಬಿಡುವ ಹಾಗಿಲ್ಲ. ಮಗಳ ಕಣ್ಣನ್ನೂ ಒಮ್ಮೆ ನೋಡಿಸಿ ಅಂದರು, ಇದು ಮನೆತನದಲ್ಲಿ ಹರಿದು ಬರುವಂಥದ್ದು. ಅವಳ ಕಣ್ಣಲ್ಲಿ ಏನೂ ಇಲ್ಲವೆಂದು ಗೊತ್ತಾಗುವವರೆಗಿನ ಒಂದು ವಾರ ನಾನು ಹೇಗೆ ಕಳೆದೆ ಎಂದು ಬರೆಯಲು ಹೋಗುವುದಿಲ್ಲ.

ಇವರು ಡಾಕ್ಟರನ್ನು ಕೇಳಿದ್ದು ಒಂದೇ: "ಏಪ್ರಿಲ್ ಆದ ಮೇಲೆ ಮಾಡಿಸಬಹುದಾ?"

ಆಕೆ ಪೆನ್ನು ಕೆಳಗಿಟ್ಟರು. "ಅಷ್ಟು ದಿನದಲ್ಲಿ ಏನೂ ಆಗದೇ ಇರಬಹುದು. ಆಗಲೂಬಹುದು. ನಾನು ಮಾತು ಕೊಡಲಾರೆ. ನನ್ನ ಕಣ್ಣಾಗಿದ್ದರೆ ಕಾಯುತ್ತಿರಲಿಲ್ಲ. ಆದರೆ ಇದು ನಿಮ್ಮ ಕಣ್ಣು."

ಮನೆಗೆ ಬಂದ ಮೇಲೆ ಜಗಳವಾಯಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾವು ಅಂಥ ಜಗಳ ಆಡಿರಲಿಲ್ಲ. ದನಿ ಏರಿಸಿದ್ದು ಕಡಿಮೆ. ಆದರೆ ಇಬ್ಬರೂ ಸೋಲಲು ತಯಾರಿರಲಿಲ್ಲ.

"ಡಾಕ್ಟ್ರೇ ಹೇಳಿದ್ರಲ್ಲ, ಏನೂ ಆಗದೇ ಇರಬಹುದು ಅಂತ."

"ಆಗಲೂಬಹುದು ಅಂದಿದ್ದೂ ಕೇಳಿಸ್ಕೊಂಡ್ರಿ ತಾನೆ?"

"ಆಪರೇಷನ್ನೇ ಕೆಟ್ಟುಹೋದ್ರೆ? ಇರೋದೂ ಹೋದ್ರೆ? ಆಮೇಲೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ ಏನು ಪ್ರಯೋಜನ?" ಇವರು ಕಿಟಕಿಯ ಕಡೆ ತಿರುಗಿ ನಿಂತರು. "ಕಣ್ಣು ಉಳಿಸ್ಕೋ, ಉಳಿಸ್ಕೋ ಅಂತೀಯ. ಯಾವುದಕ್ಕೆ ಉಳಿಸ್ಕೊಳ್ಳಲಿ, ಹೇಳು. ನೋಡ್ಬೇಕು ಅನ್ನೋದನ್ನ ನೋಡ್ದೇ?"

"ಇನ್ನೂ ಇಪ್ಪತ್ತು ಮೂವತ್ತು ವರ್ಷ ಬದುಕ್ಬೇಕಲ್ಲ, ಅದಕ್ಕೆ."

ಅವರು ಹೇಳಿದ್ದು ತಪ್ಪು ಅಂತ ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಷ್ಟಾದರೂ ಮರುದಿನ ಬೆಳಿಗ್ಗೆ, ಇವರು ಸ್ನಾನಕ್ಕೆ ಹೋದಾಗ, ನಾನೇ ಆಸ್ಪತ್ರೆಗೆ ಫೋನ್ ಮಾಡಿ ಇರುವುದರಲ್ಲಿ ಹತ್ತಿರದ ದಿನ ಕೇಳಿದೆ. ಹೊರಗೆ ಬಂದಾಗ ಹೇಳಿದೆ. ಇವರು ತಲೆ ಒರೆಸಿಕೊಳ್ಳುತ್ತಾ ನಿಂತು ಕೇಳಿಸಿಕೊಂಡು, "ಸರಿ, ನೀನೇ ತೀರ್ಮಾನ ಮಾಡಿದೀಯಲ್ಲ" ಎಂದು ಕೋಣೆಗೆ ಹೋದರು. ಟಿಕೆಟ್ಟಿನ ಹಣ ಹೋಯಿತು. ವೀಸಾ ಅರ್ಜಿಗೆ ಸಿಕ್ಕಿದ್ದ ದಿನವನ್ನು ಮಗಳು ರದ್ದು ಮಾಡಿದಳು. ಲ್ಯಾಪ್‌ಟಾಪನ್ನು ಮುಚ್ಚಿ ಶಾಲೆಯ ಪುಸ್ತಕ ತೆರೆದಳು.

ಶಸ್ತ್ರಚಿಕಿತ್ಸೆ ಮಾರ್ಚಿನಲ್ಲಿ ಆಯಿತು. ಕೆಟ್ಟದ್ದೇನೂ ಆಗಲಿಲ್ಲ. ಕಣ್ಣಿನ ಮೇಲೆ ಪಾರದರ್ಶಕ ಕವಚ ಅಂಟಿಸಿಕೊಂಡು, ಕೆಂಪಾದ ಕಣ್ಣು ಹೊತ್ತು ಇವರು ಮನೆಗೆ ಬಂದರು. ಹೊತ್ತು ಹೊತ್ತಿಗೆ ನಾನು ಹನಿ ಹಾಕುತ್ತಿದ್ದೆ. ಇವರು ತಲೆ ಹಿಂದಕ್ಕೆ ಚಾಚಿ ಹಾಕಿಸಿಕೊಂಡು, "ಸಾಕು" ಅನ್ನುತ್ತಿದ್ದರು. ದಿನಕ್ಕೆ ನನ್ನ ಜೊತೆ ಆಡುತ್ತಿದ್ದ ಮಾತು ಅಷ್ಟೇ. ಫ್ಯಾಕ್ಟರಿಯವರು ಒಳ್ಳೆಯವರು, ಯಂತ್ರಗಳ ನಡುವೆ ಓಡಾಡುವುದು ಬೇಡವೆಂದು ದಾಖಲೆ ಪರಿಶೀಲಿಸುವ ಕೆಲಸಕ್ಕೆ ಬದಲಾಯಿಸಿದರು, ಕರೆದೊಯ್ಯಲು ಕಂಪನಿಯ ವ್ಯಾನು ಕಳಿಸುವುದಾಗಿ ಹೇಳಿದರು. ಇವರಿಗೆ ಅದೂ ಅವಮಾನವೆನಿಸಿತು. ಮಳೆಗಾಲ ಶುರುವಾಗಿತ್ತು. ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತು ಕೆಳಗಿನ ರಸ್ತೆಯ ಸದ್ದು ಕೇಳುತ್ತಿದ್ದರು.

ನಾವು ಹೊರಡಬೇಕಿದ್ದ ದಿನ ಬಂತು. ಯಾರೂ ಅದರ ಮಾತೆತ್ತಲಿಲ್ಲ. ಮಗಳಿಗೆ ರಜ, ಸೋಫಾದಲ್ಲಿ ಫೋನು ಹಿಡಿದು ಮಲಗಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಇವರು ಬಾಲ್ಕನಿಯಿಂದಲೇ ಕೇಳಿದರು:

"ಈಗ ನಾವು ಎಲ್ಲಿರ್ತಿದ್ವಿ?"

ನಾನು ಸಿಂಕಿನ ನಲ್ಲಿ ನಿಲ್ಲಿಸಿದೆ. ಮಗಳು ಫೋನಿನಲ್ಲಿ ಏನೋ ನೋಡಿ, "ಆಡಿಸ್. ವೇಟಿಂಗ್," ಅಂದಳು.

"ಇನ್ನೂ ಎಷ್ಟು ಹೊತ್ತು ಕಾಯೋದಪ್ಪಾ ಅಲ್ಲಿ?"

"ಲಾಂಗ್. ಯು ವಾಂಟೆಡ್ ಚೀಪ್."

ಇವರು ನಕ್ಕದ್ದು ಕೇಳಿಸಿತು. ಎಷ್ಟೋ ವಾರಗಳ ಮೇಲೆ ಕೇಳಿದ ನಗು. ಮಾರನೆಯ ದಿನ ಬೆಳಿಗ್ಗೆ ಮತ್ತೆ ಕೇಳಿದರು, ಸಂಜೆ ಮತ್ತೆ. ಅವಳು ತಾನು ಹಾಕಿದ್ದ ಯೋಜನೆಯನ್ನು ತೆರೆದು ಹೇಳುತ್ತಿದ್ದಳು. ಈಗ ನಿಧಾನದ ರೈಲಿನಲ್ಲಿ. ಈಗ ರೈಲು ಬದಲಾಯಿಸುತ್ತಿದ್ದೇವೆ. ಈಗ ಕೋಣೆ ತಲುಪಿ ಅಮ್ಮ ಅನ್ನಕ್ಕೆ ಇಡುತ್ತಿದ್ದಾಳೆ. ಇವರು ಅಲ್ಲಿಂದ ಮುಂದಕ್ಕೆ ತಾವು ಹೇಳಲು ಶುರುಮಾಡಿದರು. ಕೋಣೆಯಿಂದ ಎಡಕ್ಕೆ ಹೋದರೆ ಇಳಿಜಾರು, ಅಲ್ಲಿ ಬ್ರೆಡ್ ಅಂಗಡಿ, ಅಂಗಡಿಯವಳು ಚಿಲ್ಲರೆಯನ್ನು ಕೈಗೆ ಕೊಡದೆ ಗಾಜಿನ ತಟ್ಟೆಗೆ ಹಾಕುತ್ತಾಳೆ. ಸೇತುವೆಯ ಮೇಲೆ ನಡೆದರೆ ಹಲಗೆಗಳು ಕಿರುಗುಟ್ಟುತ್ತವೆ. ಐದು ದಿನವೂ ಹೀಗೆಯೇ ನಡೆಯಿತು. ನಾನು ಪ್ರವಾಸಕ್ಕೆಂದು ಮಾಡಿಟ್ಟಿದ್ದ ಪುಳಿಯೋಗರೆ ಗೊಜ್ಜನ್ನು ತೆಗೆದು ಅನ್ನ ಕಲಸಿ ಮೂರು ತಟ್ಟೆಗೆ ಹಾಕಿ, ನಾನೂ ಹೋಗಿ ಬಾಲ್ಕನಿಯಲ್ಲಿ ಕೂತೆ. ಮೂರನೆಯ ದಿನವಿರಬೇಕು, ಇವರು ನನ್ನ ಕಡೆ ಪೂರ್ತಿ ಮುಖ ತಿರುಗಿಸಿ, "ಉಪ್ಪು ಸರಿಯಾಗಿದೆ" ಅಂದರು. ನಮ್ಮ ಜಗಳ ಮುಗಿದದ್ದು ಹಾಗೆ.

ಇದು ಸುಖವಾಗಿ ಮುಗಿಯಿತು ಎಂದು ಹೇಳಲಾರೆ. ಆಗಸ್ಟಿನ ರಜದಲ್ಲಿ ಹೋಗೋಣವೆಂದು ಮಗಳು ಅಂದಾಗ ಇವರೇ ಬೇಡ ಅಂದರು. ಹೊಸ ಜಾಗದಲ್ಲಿ ಮೆಟ್ಟಿಲು ಇಳಿಯಲು ಭಯ ಎಂದು ಒಪ್ಪಿಕೊಂಡದ್ದು ನನ್ನೊಬ್ಬಳ ಹತ್ತಿರ. ಡಿಸೆಂಬರಿನಲ್ಲಿ ಸಾಲ ಮಾಡಿ ಟಿಕೆಟ್ ಕೊಂಡು ಮೈಸೂರಿಗೆ ಹೋಗಿ ತಂಗಿಯ ಗೃಹಪ್ರವೇಶ ಮುಗಿಸಿ ಬಂದೆವು. ಅಲ್ಲಿ ಹೋಮದ ಹೊಗೆಗೆ ಇವರ ಕಣ್ಣು ಉರಿದು, ಎಲ್ಲರೂ ಊಟಕ್ಕೆ ಕೂತಾಗ ಇವರು ಒಳಗಿನ ಕೋಣೆಯಲ್ಲಿ ಒಬ್ಬರೇ ಮಲಗಿದ್ದರು. ನಾನು ಅವಸರ ಮಾಡಿದೆನೇ, ಐದು ದಿನದ ಮಟ್ಟಿಗೆ ಕಾದಿದ್ದರೆ ಏನಾಗುತ್ತಿತ್ತು, ಎಂಬ ಯೋಚನೆ ಯಾವ ಕೆಲಸದ ನಡುವೆಯಾದರೂ ಬಂದು ನಿಲ್ಲುತ್ತದೆ. ಉತ್ತರ ಯಾರಿಗೂ ಗೊತ್ತಿಲ್ಲ.

ಕಳೆದ ತಿಂಗಳು ನೋಟದ ಹರವು ಅಳೆಯುವ ಪರೀಕ್ಷೆಯಿತ್ತು. ಮೊದಲೆಲ್ಲ ನನ್ನನ್ನು ಹೊರಗೆ ಕೂರಿಸುತ್ತಿದ್ದರು, ಈ ಸಲ ನರ್ಸ್ ಒಳಗೇ ಒಂದು ಕುರ್ಚಿ ಕೊಟ್ಟಳು. ಕತ್ತಲ ಕೋಣೆ. ಬಿಳಿಯ ಬೋಗುಣಿಯಂಥ ಯಂತ್ರಕ್ಕೆ ಇವರು ಗಲ್ಲ ಆನಿಸಿ ಕೂರಬೇಕು. ಒಳಗೆ ಎಲ್ಲೆಲ್ಲೋ ಸಣ್ಣ ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನನಗೆ ಚುಕ್ಕೆಗಳು ಕಾಣುತ್ತಿರಲಿಲ್ಲ, ಗುಂಡಿಯ ಟಿಕ್ ಸದ್ದು ಮಾತ್ರ ಕೇಳುತ್ತಿತ್ತು. ಟಿಕ್, ಟಿಕ್, ಆಮೇಲೆ ಮೌನ. ಆ ಮೌನದಲ್ಲಿ ಚುಕ್ಕೆ ಬಂದೇ ಇಲ್ಲವೋ, ಬಂದದ್ದು ಇವರಿಗೆ ಕಾಣಲಿಲ್ಲವೋ ನನಗೆ ತಿಳಿಯುವಂತಿರಲಿಲ್ಲ. ಸೆರಗು ಹಿಂಡಿಕೊಂಡು ಕೂತಿದ್ದೆ. ಮತ್ತೆ ಟಿಕ್ ಅಂದಾಗ ಉಸಿರು ಬಿಡುತ್ತಿದ್ದೆ.

ಡಾಕ್ಟರು ಹೊಸ ಚಿತ್ರವನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಹೋದ ಸಲ ಎಷ್ಟಿತ್ತೋ ಅಷ್ಟೇ ಇದೆ. ಈ ಕಾಯಿಲೆಯಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ," ಅಂದರು. ಇವರು "ಅಸಾಂಟೆ, ಡಾಕ್ಟರ್" ಎಂದು ಧನ್ಯವಾದ ಹೇಳಿ ಕೈಮುಗಿದರು.

ಕೆಳಗೆ ಕ್ಯಾಂಟೀನಿನಲ್ಲಿ ಚಹಾ ತೆಗೆದುಕೊಂಡು ಕೂತೆವು. ಇವರು ಕಪ್ಪನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೇಳಿದರು:

"ನಿಂಗೆ ಎಲ್ಲಿಗಾದ್ರೂ ಹೋಗ್ಬೇಕು ಅಂತ ಇದೆಯಾ? ನಿಂಗೇ ಅಂತ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಥಟ್ಟನೆ ಯಾವ ಊರೂ ನೆನಪಿಗೆ ಬರಲಿಲ್ಲ.

"ಯೋಚ್ನೆ ಮಾಡಿ ಹೇಳ್ತೀನಿ," ಅಂದೆ.

"ಮಾಡು," ಅಂದರು. "ತುಂಬ ತಡ ಮಾಡ್ಬೇಡ."